ಹಿಸ್ಪಾನಿಕ್ ಮತವನ್ನು ಓದುವ ಕ್ರಮ: ಗಡಿನಾಡಿನ ಓದುಗ ಬಳಗಗಳಿಗೆ

ಅಮೆರಿಕದ ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಅಚ್ಚಾಗುತ್ತಿತ್ತು: ವಲಸೆ ನೀತಿ ಬಿಗಿಯಾದರೆ ಹಿಸ್ಪಾನಿಕ್ ಮತ ಡೆಮಾಕ್ರಟಿಕ್ ಪಕ್ಷಕ್ಕೆ. 2024ರಲ್ಲಿ ಡೊನಾಲ್ಡ್ ಟ್ರಂಪ್ ಸಾಮೂಹಿಕ ಗಡೀಪಾರು ಮಾಡುತ್ತೇನೆಂದು ಸಭೆ ಸಭೆಯಲ್ಲಿ ಹೇಳಿದರು. ಆದರೂ ಈ ಸಮುದಾಯದ ಶೇ. 46ರಷ್ಟು ಮತ ಅವರಿಗೆ ಬಿತ್ತೆಂದು ಎಕ್ಸಿಟ್ ಪೋಲ್ ತೋರಿಸಿತು. ಹಾಗಾದರೆ ವಲಸೆ ನೀತಿಗೂ ಪಕ್ಷನಿಷ್ಠೆಗೂ ನಂಟೇ ಇಲ್ಲವೆ? ಇದೆ. ಆದರೆ ಅದನ್ನು ಒಂದು ಸಾಲಿನಲ್ಲಿ ಹಿಡಿಯಲು ಬರುವುದಿಲ್ಲ. ಕಾಸರಗೋಡು, ಮಂಜೇಶ್ವರ, ಬದಿಯಡ್ಕದ ವಾಚನಾಲಯಗಳಲ್ಲಿ ಈ ವಿಷಯವನ್ನು ಚರ್ಚೆಗೆ ಇಡುವವರಿಗೂ ಕಾಲೇಜಿನಲ್ಲಿ ಪ್ರಬಂಧ ಬರೆಯುವವರಿಗೂ ಬಳಕೆಯಾಗುವ ಕ್ರಮವೊಂದನ್ನು ಇಲ್ಲಿ ಕೊಟ್ಟಿದ್ದೇವೆ. ಒಂದು ಉದ್ದ ನೋಟ್‌ಪುಸ್ತಕ, ಮೊಬೈಲಿನ ಕ್ಯಾಲ್ಕುಲೇಟರ್, ಮೂರು ಸಂಜೆ ಇದ್ದರೆ ಸಾಕು.

ಮೊದಲ ಸಂಜೆ ಹೆಸರನ್ನು ಬಿಡಿಸಿ. ಹಿಸ್ಪಾನಿಕ್ ಎಂದರೆ ಜನಾಂಗವಲ್ಲ, ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು ಎಂದರ್ಥ. ಪೋರ್ಚುಗೀಸ್ ಆಡುವ ಬ್ರೆಜಿಲಿನವರು ಇದರಲ್ಲಿ ಸೇರುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ, ಮರಾಠಿ, ಬ್ಯಾರಿ ಆಡಿ ಶಾಲೆಯಲ್ಲಿ ಕನ್ನಡ ಓದಿದವರೆಲ್ಲ ಒಂದೇ ಚಿಹ್ನೆಗೆ ಮತ ಒತ್ತುತ್ತಾರೆಂದು ಹೊರಗಿನವರು ಬರೆದರೆ ನಾವು ಒಪ್ಪುವುದಿಲ್ಲ. ಅದೇ ಎಚ್ಚರ ಇಲ್ಲಿಯೂ ಇರಲಿ.

ಪುಟದಲ್ಲಿ ಕನಿಷ್ಠ ಮೂರು ಕಾಲಂ ಎಳೆದು ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ ಎಂದು ಬರೆಯಿರಿ. ಪ್ರತಿಯೊಂದರ ಕೆಳಗೂ ಒಂದೇ ಪ್ರಶ್ನೆ: ಇವರು ಯಾವ ಬಾಗಿಲಿನಿಂದ ಒಳಬಂದರು? ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ ಪೋರ್ಟೊ ರಿಕೊದವರು 1917ರಿಂದಲೇ ಅಮೆರಿಕದ ಪ್ರಜೆಗಳು. ಅವರಿಗೆ ವೀಸಾ ಬೇಕಿಲ್ಲ, ಗಡೀಪಾರಿನ ಕಾನೂನು ನೇರವಾಗಿ ತಾಗುವುದಿಲ್ಲ. (ದ್ವೀಪದಲ್ಲೇ ಇರುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ, ಮುಖ್ಯ ಭೂಮಿಗೆ ಬಂದು ನೆಲೆಸಿದರೆ ಇದೆ.) ಕ್ಯೂಬಾದವರಿಗೆ 1966ರ ಕಾನೂನು ವಿಶೇಷ ಬಾಗಿಲು ತೆರೆಯಿತು. ಒಳಬಂದು ಅಲ್ಪ ಕಾಲದಲ್ಲೇ ಅವರು ಕಾಯಂ ವಾಸದ ಹಕ್ಕು ಕೇಳಬಹುದು. ಕಮ್ಯೂನಿಸ್ಟ್ ಆಡಳಿತದಿಂದ ಓಡಿಬಂದವರಾದ್ದರಿಂದ ಕಮ್ಯೂನಿಸಂ ವಿರುದ್ಧ ಜೋರಾಗಿ ಮಾತಾಡಿದ ರಿಪಬ್ಲಿಕನ್ ಪಕ್ಷ ಅವರಲ್ಲಿ ಬಹುಮಂದಿಗೆ ಹತ್ತಿರವಾಯಿತು. ಮೆಕ್ಸಿಕೊ ಮೂಲದವರ ಸಂಖ್ಯೆಯೇ ಎಲ್ಲರಿಗಿಂತ ದೊಡ್ಡದು, ದಾಖಲೆಯ ಪ್ರಶ್ನೆ ಅವರ ಮನೆಗಳಿಗೇ ಹೆಚ್ಚು ಹತ್ತಿರ. ಆದರೆ ಅವರಲ್ಲೂ ಕೆಲವರ ಹಿರಿಯರು 1848ರ ಒಪ್ಪಂದದಲ್ಲಿ ಗಡಿ ಸರಿದಾಗ ಕೂತಲ್ಲೇ ಅಮೆರಿಕದೊಳಗೆ ಸೇರಿದವರು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂಬ ಮಾತು ಅವರಲ್ಲಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ನ್ನು ಕಂಡ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಸಂಜೆ ಇನ್ನೊಂದು ಕೆಲಸ ಮುಗಿಸಿ. ನೀತಿ ಯಾರಿಗೆ ತಾಗುತ್ತದೆ, ಮತ ಯಾರ ಕೈಯಲ್ಲಿದೆ ಎಂಬುದನ್ನು ಬೇರೆ ಬೇರೆ ಬರೆಯಿರಿ. ಹೆಚ್ಚಿನವರು ಜಾರುವುದು ಇಲ್ಲೇ. ದಾಖಲೆಯಿಲ್ಲದವರಿಗೆ ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಮತವಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೂ ಇಲ್ಲ, ಅವರು ಸಾಮಾನ್ಯವಾಗಿ 5 ವರ್ಷ ಕಾದು ಪೌರತ್ವ ಪಡೆಯಬೇಕು. ಚಿಕ್ಕಂದಿನಲ್ಲೇ ಬಂದ ದಾಖಲೆಯಿಲ್ಲದ ಮಕ್ಕಳಿಗೆ ಗಡೀಪಾರಿನಿಂದ ರಕ್ಷಣೆ ಕೊಡುವ ಡಾಕಾ ಯೋಜನೆಯನ್ನು 2012ರ ಜೂನ್‌ನಲ್ಲಿ ಒಬಾಮ ಸರಕಾರ ತಂದಿತು. ಅದರ ಫಲ ಪಡೆದವರೊಬ್ಬರಿಗೂ ಅದರಿಂದ ಮತದ ಹಕ್ಕು ಬರಲಿಲ್ಲ. ಮತ ಹಾಕಿದ್ದು ಅಲ್ಲೇ ಹುಟ್ಟಿದ ತಮ್ಮ, ತಂಗಿ, ಚಿಕ್ಕಪ್ಪನ ಮಕ್ಕಳು. ಒಂದೇ ಮನೆಯಲ್ಲಿ ತಂದೆಗೆ ಕಾಗದವಿಲ್ಲ, ತಾಯಿಗೆ ಗ್ರೀನ್ ಕಾರ್ಡ್, ಮಗಳು ಹುಟ್ಟಿನಿಂದ ಪ್ರಜೆ. ನೀತಿ ಪಕ್ಷನಿಷ್ಠೆಯಾಗುವುದು ಇಂಥ ಮನೆಯ ಊಟದ ಹೊತ್ತಿನಲ್ಲಿ. 2013ರಲ್ಲಿ ಸೌದಿಯ ನಿತಾಕತ್ (ಅಲ್ಲಿಯವರಿಗೇ ಕೆಲಸ ಮೀಸಲಿಡುವ ನೀತಿ) ಬಿಗಿಯಾದಾಗ, ಇಕಾಮ (ವಾಸದ ಪರವಾನಗಿ) ಏನಾಯಿತೆಂಬ ಫೋನಿಗೆ ಕಾದು ಕೂತ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿದ್ದವು. ದೂರದ ಕಾನೂನೊಂದು ಅಡುಗೆಮನೆಯವರೆಗೆ ಹೇಗೆ ಬರುತ್ತದೆಂದು ತಿಳಿಯಲು ಆ ನೆನಪು ಸಾಕು.

ಎರಡನೇ ಸಂಜೆ ಕಾಲಾನುಕ್ರಮ. ನೀತಿ ಬಂದ ವರ್ಷವಲ್ಲದೆ, ಅದು ಮತವಾಗಿ ಬಲಿತ ವರ್ಷವನ್ನೂ ಪಕ್ಕದಲ್ಲಿ ಬರೆಯಬೇಕು. 1986ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಮಂದಿಗೆ ದಾಖಲೆ ಸಿಕ್ಕಿತು. ಆದರೆ ಮೊದಲು ತಾತ್ಕಾಲಿಕ ಅನುಮತಿ, ಆಮೇಲೆ ಕಾಯಂ ವಾಸ, ಅದರ ಮೇಲೆ 5 ವರ್ಷ. ಲೆಕ್ಕ ಹಾಕಿದರೆ ಅವರು ಪೌರತ್ವಕ್ಕೆ ಅರ್ಹರಾಗುವ ಹೊತ್ತಿಗೆ 1994–95. ಸರಿಯಾಗಿ ಆಗಲೇ, 1994ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ‘ಪ್ರಸ್ತಾವ 187’ ಜನಮತಕ್ಕೆ ಬಂತು. ದಾಖಲೆಯಿಲ್ಲದ ಮಕ್ಕಳಿಗೆ ಸರಕಾರಿ ಶಾಲೆ ಬೇಡ, ತುರ್ತು ಚಿಕಿತ್ಸೆ ಬಿಟ್ಟು ಬೇರೆ ಆಸ್ಪತ್ರೆ ಸೌಲಭ್ಯ ಬೇಡ ಎಂಬುದು ಅದರ ತಿರುಳು. ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಅದರ ಬೆನ್ನಿಗೆ ನಿಂತು ಮರುಆಯ್ಕೆಯಾದರು. ಪ್ರಸ್ತಾವ ಸುಮಾರು ಶೇ. 59 ಮತದಿಂದ ಗೆದ್ದಿತು, ನ್ಯಾಯಾಲಯ ತಡೆಯಿತು. ಇದರಿಂದ ಕೆರಳಿದ ಹೊಸ ಪ್ರಜೆಗಳ ಮತ ಡೆಮಾಕ್ರಟರಿಗೆ ಹೋಯಿತೆಂಬುದು ವಾಡಿಕೆಯ ವಿವರಣೆ: ಬಿತ್ತಿದ್ದು ರಿಪಬ್ಲಿಕನ್ ಅಧ್ಯಕ್ಷ, ಕೊಯ್ದದ್ದು ಡೆಮಾಕ್ರಟರು.

ಇಲ್ಲೊಂದು ಎಚ್ಚರಿಕೆ. ಆಮೇಲೆ ಪೌರತ್ವದ ಅರ್ಜಿಗಳು ಏರಿದ್ದಕ್ಕೆ 187 ಒಂದೇ ಕಾರಣವೆಂದು ಬರೆಯಬೇಡಿ. 1986ರವರ ಸರದಿ ಬಂದದ್ದು, 1996ರ ಕಾನೂನು ಪ್ರಜೆಗಳಲ್ಲದವರ ಕಲ್ಯಾಣ ಸೌಲಭ್ಯ ಕಡಿದದ್ದು, ಇವೂ ಅದೇ ವರ್ಷಗಳಲ್ಲಿ ಸೇರಿಕೊಂಡಿವೆ. 187ರಿಂದಲೇ ನಿಷ್ಠೆ ತಿರುಗಿತೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಪರೀಕ್ಷಿಸುವ ಒಳ್ಳೆಯ ದಾರಿಯೆಂದರೆ ಇನ್ನೊಂದು ಗಡಿರಾಜ್ಯವನ್ನು ಜೊತೆಗಿಟ್ಟು ನೋಡುವುದು. ಟೆಕ್ಸಾಸಿನಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯು. ಬುಷ್ ವಿಲ್ಸನ್‌ರ ದಾರಿ ಹಿಡಿಯಲಿಲ್ಲ, ಸ್ಪ್ಯಾನಿಷ್‌ನಲ್ಲೂ ಮತ ಕೇಳಿದರು. 2004ರಲ್ಲಿ ದೇಶದ ಹಿಸ್ಪಾನಿಕ್ ಮತದಲ್ಲಿ ಅವರಿಗೆ ಸಿಕ್ಕಿದ್ದು ಶೇ. 40ರಿಂದ 44. ಮುಂದಿನ ವರ್ಷದ ಕೊನೆಗೆ ಅದೇ ಪಕ್ಷದವರು ಕೆಳಮನೆಯಲ್ಲಿ ದಾಖಲೆಯಿಲ್ಲದೆ ಇರುವುದನ್ನೇ ಘೋರ ಅಪರಾಧ ಮಾಡುವ ಮಸೂದೆ ಪಾಸು ಮಾಡಿದರು. ಅದು ಕಾನೂನಾಗಲಿಲ್ಲ, ಆದರೆ 2006ರ ವಸಂತದಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. ರಿಪಬ್ಲಿಕನ್ ಅಭ್ಯರ್ಥಿಗಳಲ್ಲಿ 2008ರಲ್ಲಿ ಮೆಕೇನ್‌ಗೆ ಶೇ. 31, 2012ರಲ್ಲಿ ರಾಮ್ನಿಗೆ ಶೇ. 27. ಜಾರಿಯಾಗದ ಮಸೂದೆಗೂ ನಿಮ್ಮ ಪಟ್ಟಿಯಲ್ಲಿ ಜಾಗವಿರಲಿ: ಕಾನೂನಿಗಿಂತ ಮೊದಲು ಜನರಿಗೆ ತಲುಪುವುದು ಅದರ ದನಿ. ಇತ್ತ ಒಬಾಮ ಕಾಲದಲ್ಲಿ 2012ರ ಒಂದೇ ವರ್ಷ 4 ಲಕ್ಷದಷ್ಟು ಮಂದಿ ಗಡೀಪಾರಾದದ್ದನ್ನೂ ಬರೆಯದಿದ್ದರೆ ಪಟ್ಟಿ ಏಕಪಕ್ಷೀಯವಾಗುತ್ತದೆ.

ಮೂರನೇ ಸಂಜೆ ಅಂಕಿಗಳು. ಹೆಚ್ಚು ಹೊತ್ತು ಇದಕ್ಕೇ ಇಡಿ. ಟೆಕ್ಸಾಸಿನ ಗಡಿಯಲ್ಲಿ ರಿಯೊ ಗ್ರಾಂಡೆ ನದಿಯ ದಂಡೆಗೆ ಸ್ಟಾರ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಇದೆ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಹಿಸ್ಪಾನಿಕ್ ಆದ್ದರಿಂದ ಅಲ್ಲಿಯ ಫಲಿತಾಂಶ ಬಹುಮಟ್ಟಿಗೆ ಅವರ ಮತವೇ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಶೇ. 79, 2020ರಲ್ಲಿ ಬೈಡನ್‌ಗೆ ಶೇ. 52, 2024ರಲ್ಲಿ ಟ್ರಂಪ್ ಶೇ. 58ರ ಹತ್ತಿರ ಪಡೆದು ಗೆದ್ದರು. ಶೇಕಡಾ ಮಾತ್ರ ನೋಡಿದರೆ 2020ರಲ್ಲೇ ಡೆಮಾಕ್ರಟರು ಗುಂಪುಗುಂಪಾಗಿ ಪಕ್ಷ ಬಿಟ್ಟರು ಅನಿಸುತ್ತದೆ. ಈಗ ಮತಗಳನ್ನೇ ಎಣಿಸಿ. ಕ್ಲಿಂಟನ್‌ಗೆ ಸುಮಾರು 9,300, ಬೈಡನ್‌ಗೆ ಸುಮಾರು 9,100. ಬಹುತೇಕ ಅಷ್ಟೇ! ಟ್ರಂಪ್ ಮತ ಮಾತ್ರ 2,200ರ ಆಸುಪಾಸಿನಿಂದ 8,200ಕ್ಕೆ ಹಾರಿತು. ಅಂದರೆ ಹಿಂದಿನ ಸಲ ಮನೆಯಲ್ಲೇ ಉಳಿದವರ, ಹೊಸದಾಗಿ ಹೆಸರು ಸೇರಿಸಿದವರ ಮತದ ದೊಡ್ಡ ಪಾಲು ಅವರಿಗೆ ಹೋಗಿರಬೇಕು. ಹಳಬರು ಕೆಲವರು ಆಚೆ ಹೋಗಿ ಹೊಸಬರು ಈಚೆ ಬಂದಿರಲೂಬಹುದು, ಕೌಂಟಿಯ ಮೊತ್ತದಿಂದ ಅದು ಕಾಣುವುದಿಲ್ಲ. ಆದ್ದರಿಂದ ‘ನಿಷ್ಠೆ ಬದಲಾಯಿತು’ ಎಂದು ಬರೆಯುವ ಮೊದಲು ಒಟ್ಟು ಮತದಾನ ಎಷ್ಟು ಏರಿತೆಂದು ನೋಡಲೇಬೇಕು. ಗಡಿಯ ಆ ಊರುಗಳಲ್ಲಿ ಗಡಿ ಕಾಯುವುದೂ ಒಂದು ಉದ್ಯೋಗ. ಬಾರ್ಡರ್ ಪಟ್ರೋಲ್ (ಗಡಿ ಕಾವಲು ಪಡೆ) ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಿಸ್ಪಾನಿಕರೇ ಇದ್ದಾರೆಂಬುದನ್ನು ಮರೆತರೆ ಈ ಲೆಕ್ಕ ಅರ್ಥವಾಗುವುದಿಲ್ಲ.

ನಿಷ್ಠೆ ಬೇರೆ, ಒಂದು ಸಲದ ಮತ ಬೇರೆ. ಅಲ್ಲಿಯ ಸಮೀಕ್ಷೆಗಳು ನಿಷ್ಠೆಯನ್ನು ಪ್ರತ್ಯೇಕವಾಗಿ ಕೇಳುತ್ತವೆ: ಸಾಮಾನ್ಯವಾಗಿ ನಿಮ್ಮನ್ನು ಯಾವ ಪಕ್ಷದವರೆಂದು ಎಣಿಸಿಕೊಳ್ಳುತ್ತೀರಿ, ಗಟ್ಟಿಯಾಗಿಯೋ ಸುಮ್ಮನೆಯೋ? ಯಾವುದೂ ಅಲ್ಲವೆಂದರೆ ಯಾವ ಕಡೆ ವಾಲುತ್ತೀರಿ? ಹೀಗೆ ಏಳು ಮೆಟ್ಟಿಲು. ಕಟ್ಟಾ ಡೆಮಾಕ್ರಟ್ ಒಬ್ಬರು ‘ಸುಮ್ಮನೆ ಡೆಮಾಕ್ರಟ್’ ಆಗಿ ಇಳಿದರೆ ಮತ ಬದಲಾಗದೆಯೂ ನಿಷ್ಠೆ ಸಡಿಲವಾಗಿದೆ. ನಮ್ಮಲ್ಲೂ 1960ರ ದಶಕದಲ್ಲಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ ಕರ್ನಾಟಕ ಸಮಿತಿಯ ಬಲದಿಂದ ಕಳ್ಳಿಗೆ ಮಹಾಬಲ ಭಂಡಾರಿ ಮಂಜೇಶ್ವರದಲ್ಲಿ ಗೆದ್ದಿದ್ದರು. ಆಮೇಲೆ ಅದೇ ಕ್ಷೇತ್ರವನ್ನು ಸಿಪಿಐ, ಮುಸ್ಲಿಂ ಲೀಗ್, ಸಿಪಿಎಂ ಗೆದ್ದವು, 2016ರಲ್ಲಿ ಬಿಜೆಪಿ ಬರೇ 89 ಮತದಲ್ಲಿ ಸೋತಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಯ ನೋವು ಆರಲಿಲ್ಲ, ಆದರೆ ಮತ ಅದೊಂದನ್ನೇ ಹಿಡಿದು ನಿಲ್ಲಲಿಲ್ಲ. ಹಿಸ್ಪಾನಿಕ್ ಮತದಾರರಲ್ಲೂ ಯಾವುದು ಮುಖ್ಯವೆಂದು ಕೇಳಿದರೆ ಸಾಮಾನ್ಯವಾಗಿ ಮೊದಲು ಬರುವುದು ದುಡಿಮೆ, ಬೆಲೆಯೇರಿಕೆ. ವಲಸೆ ಅದರ ಕೆಳಗೆ.

ಕೊನೆಗೆ ಸಮೀಕ್ಷೆಯ ತೂಕ ನೋಡಿ. ಮಾತಾಡಿಸಿದ ಹಿಸ್ಪಾನಿಕರ ಸಂಖ್ಯೆಯ ವರ್ಗಮೂಲ ತೆಗೆದು 100ನ್ನು ಅದರಿಂದ ಭಾಗಿಸಿ. 400 ಮಂದಿಯಾದರೆ ವರ್ಗಮೂಲ 20, ತಪ್ಪಿನ ಅಂಚು ಶೇ. 5. ಎರಡು ಪಕ್ಷಗಳ ನಡುವಿನ ಅಂತರಕ್ಕೆ ಅದು ಇಮ್ಮಡಿ, ಹತ್ತು. ಆದ್ದರಿಂದ ಅಂಥ ಸಮೀಕ್ಷೆಯಲ್ಲಿ ಅಂತರ ಆರು ಕುಗ್ಗಿತೆಂದು ಶೀರ್ಷಿಕೆ ಕೊಡಬಾರದು. ಯಾವ ಭಾಷೆಯಲ್ಲಿ ಕೇಳಿದರೆಂದೂ ನೋಡಿ. ಇಂಗ್ಲಿಷಿನಲ್ಲಿ ಮಾತ್ರ ಕೇಳಿದರೆ ಮೊದಲ ತಲೆಮಾರಿನವರು ಬಿಟ್ಟುಹೋಗುತ್ತಾರೆ, ಕಾಸರಗೋಡಿನ ಎಣ್ಮಕಜೆಯ ಕನ್ನಡ ಹಿರಿಯರನ್ನು ಮಲಯಾಳದಲ್ಲಷ್ಟೇ ಕೇಳಿದ ಹಾಗೆ. ಎಕ್ಸಿಟ್ ಪೋಲಿನ ಅಂಕಿಯನ್ನು ಪೆನ್ಸಿಲಿನಲ್ಲೇ ಬರೆದಿಡಿ. ಮತ ಹಾಕಿದ್ದು ಹೌದೆಂದು ದಾಖಲೆಯಿಂದ ಖಚಿತಪಡಿಸಿಕೊಂಡ, ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ ಅಧ್ಯಯನ ತಿಂಗಳುಗಳ ನಂತರ ಬರುತ್ತದೆ. 2024ಕ್ಕೆ ಅದು ಕೊಟ್ಟದ್ದು ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಶೇ. 51, ಟ್ರಂಪ್ ಶೇ. 48. ಶಾಯಿಯಲ್ಲಿ ಬರೆಯುವುದು ಅದು ಬಂದ ಮೇಲೆ.