ನಾಲ್ಕು ನಟ್ಟು, ಒಂದು ಲೋಟ ನೀರು: ಉಷ್ಣವನ್ನು ಅಳೆಯುವುದು ಹೀಗೆ

ನನ್ನ ಡಬ್ಬಿಯಲ್ಲಿ ನಾಲ್ಕು ದಪ್ಪ ಕಬ್ಬಿಣದ ನಟ್ಟುಗಳಿವೆ. ಒಟ್ಟು ತೂಕ 200 ಗ್ರಾಂ. ಉಷ್ಣ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ವ್ಯಾಖ್ಯೆ ಹೇಳುವುದಿಲ್ಲ, ಸುಮ್ನೆ ಈ ಡಬ್ಬಿ ತೆಗೆಯುತ್ತೇನೆ.

ನಟ್ಟುಗಳನ್ನು ದಾರಕ್ಕೆ ಪೋಣಿಸಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಡಿ. ಥರ್ಮಾಕೋಲ್ ಲೋಟದಲ್ಲಿ 200 ಗ್ರಾಂ ತಣ್ಣೀರು ಇರಲಿ. ಎರಡೂ ನೀರಿನ ತಾಪಮಾನ ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ನಡೆಯಲ್ಲ, 100 ಡಿಗ್ರಿವರೆಗೆ ತೋರಿಸುವುದು ಬೇಕು. ಎತ್ತರದ ಜಾಗದಲ್ಲಿ ನೀರು 100 ಮುಟ್ಟುವ ಮೊದಲೇ ಕುದಿಯುತ್ತದೆ, ಹಾಗಾಗಿ ಊಹಿಸಬೇಡಿ, ಅಳೆಯಿರಿ.

ಈಗ ದಾರ ಹಿಡಿದು ನಟ್ಟುಗಳನ್ನು ಲೋಟಕ್ಕೆ ಇಳಿಸಿ, ಮೆಲ್ಲಗೆ ಕಲಕಿ. 100 ಡಿಗ್ರಿಯ ಕಬ್ಬಿಣ, 25 ಡಿಗ್ರಿಯ ನೀರು. ಎರಡರ ತೂಕವೂ ಒಂದೇ. ಎಲ್ಲಿ ನಿಲ್ಲಬಹುದು ಹೇಳಿ? ಬಹಳ ಜನ 60ರ ಹತ್ತಿರ ಅನ್ನುತ್ತಾರೆ. ಪಾದರಸ 32ರಲ್ಲೇ ನಿಂತುಬಿಡುತ್ತದೆ!

ಲೆಕ್ಕ ಹಾಕೋಣ. ಶಕ್ತಿಯನ್ನು ಅಳೆಯುವ ಮಾನ ಜೂಲ್. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.18 ಜೂಲ್ ಬೇಕು. ಕಬ್ಬಿಣಕ್ಕೆ 0.45 ಸಾಕು. ನೀರು ಪಡೆದದ್ದು 200 × 4.18 × 7, ಅಂದರೆ 5,852 ಜೂಲ್. ಕಬ್ಬಿಣ ಕೊಟ್ಟದ್ದು 200 × 0.45 × 68, ಅಂದರೆ 6,120. ನಡುವಿನ ಚಿಲ್ಲರೆ ಲೋಟಕ್ಕೆ, ಥರ್ಮಾಮೀಟರಿಗೆ, ಗಾಳಿಗೆ ಹೋಯಿತು. ಕಬ್ಬಿಣ 68 ಡಿಗ್ರಿ ಇಳಿದರೂ ನೀರು ಏರಿದ್ದು ಬರೀ 7. ತಾಪಮಾನ ಬೇರೆ, ಉಷ್ಣ ಬೇರೆ ಎಂದು 1760ರ ದಶಕದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಬಿಡಿಸಿ ಹೇಳಿದ್ದು ಇದನ್ನೇ.

ಒಂದು ಮಾತು ಗಮನಿಸಿ. ನಟ್ಟಿನೊಳಗೆ 6,120 ಜೂಲ್ ಉಷ್ಣ ಇತ್ತು ಎಂದು ಬರೆಯಬೇಡಿ. ಒಳಗೆ ಇದ್ದದ್ದು ಆಂತರಿಕ ಶಕ್ತಿ, ಅಂದರೆ ಕಬ್ಬಿಣದ ಕಣಗಳಲ್ಲಿರುವ ಶಕ್ತಿ. ತಾಪಮಾನದ ವ್ಯತ್ಯಾಸದಿಂದ ಅದು ದಾಟಿ ಹೋಗುವಾಗ ಮಾತ್ರ ಅದಕ್ಕೆ ಉಷ್ಣ ಎಂಬ ಹೆಸರು. 1840ರ ದಶಕದಲ್ಲಿ, ಜೂಲ್ ಎಂಬ ಮಾನಕ್ಕೆ ಯಾರ ಹೆಸರಿದೆಯೋ ಆ ಜೂಲ್ ಮಹಾಶಯ ತೂಕದ ಬಟ್ಟುಗಳನ್ನು ಇಳಿಬಿಟ್ಟು, ಅವುಗಳಿಂದ ನೀರಿನೊಳಗೆ ರೆಕ್ಕೆ ತಿರುಗಿಸಿ ನೀರನ್ನು ಬೆಚ್ಚಗೆ ಮಾಡಿದ. ಅಲ್ಲಿ ಬಿಸಿ ವಸ್ತುವೇ ಇರಲಿಲ್ಲ ಅಲ್ವಾ? ಹಾಗಾಗಿ ನೀರಿಗೆ ಸೇರಿದ್ದನ್ನು ಉಷ್ಣ ಅನ್ನುವಂತಿಲ್ಲ, ಅದು ಭೌತಶಾಸ್ತ್ರ ಹೇಳುವ ‘ಕೆಲಸ’, ಅಂದರೆ ಬಲ ಹಾಕಿ ಚಲಿಸಿ ದಾಟಿಸಿದ ಶಕ್ತಿ. ಅಂಗೈ ಉಜ್ಜಿಕೊಂಡಾಗಲೂ ಇದೇ ಕಥೆ.

ಮೊದಲ ಸಲ ನನಗೆ 32ರ ಬದಲು 34 ಬಂತು. ಅದರಿಂದ ಲೆಕ್ಕ ಹಾಕಿದರೆ ಕಬ್ಬಿಣಕ್ಕೆ 0.45 ಅಲ್ಲ, 0.57! ಥರ್ಮಾಮೀಟರನ್ನು ಬೈದುಕೊಂಡು ಮೂರು ಸಲ ಮಾಡಿದೆ. ಆಮೇಲೆ ಕಣ್ಣಿಗೆ ಬಿತ್ತು: ನಟ್ಟಿನ ತೂತುಗಳಲ್ಲಿ ಕುದಿನೀರು ಅಂಟಿಕೊಂಡು ಬರುತ್ತಿತ್ತು. ಒಂದು ಚಮಚದಷ್ಟು ಇದ್ದರೂ ಸಾಕು, ಲೆಕ್ಕ ಕೆಡುತ್ತದೆ. ಈಗ ದಾರವನ್ನು ಒಮ್ಮೆ ಜೋರಾಗಿ ಕೊಡವಿ, ತಕ್ಷಣ ಇಳಿಸುತ್ತೇನೆ. ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಒರೆಸುವಷ್ಟರಲ್ಲಿ ನಟ್ಟು ತಣ್ಣಗಾಗಿಬಿಡುತ್ತದೆ, ಬೆರಳೂ ಸುಡುತ್ತದೆ.