ಮೀನಿನ ತೊಟ್ಟಿಗೆ ತರಕಾರಿ: ಬೇಯಿಸಿ, ಮುಳುಗಿಸಿ, ಹೊತ್ತಿಗೆ ಸರಿಯಾಗಿ ತೆಗೆಯಿರಿ

ಮುಂಬೈಯ ಫ್ಲ್ಯಾಟುಗಳಲ್ಲಿ ನಾಯಿಗೆ ಜಾಗವಿಲ್ಲ, ಬೆಕ್ಕಿಗೆ ಸೊಸೈಟಿಯವರ ತಕರಾರು, ಹಾಗಾಗಿ ಟಿ.ವಿ. ಪಕ್ಕದ ಎರಡಡಿ ಗಾಜಿನ ತೊಟ್ಟಿಯೇ ನಮ್ಮಲ್ಲಿ ಅನೇಕರ ಸಾಕುಪ್ರಾಣಿ ಸಂಸಾರ. ಕ್ರಾಫರ್ಡ್ ಮಾರುಕಟ್ಟೆಯಿಂದ ಮೀನು ತರುವಾಗ ಜೊತೆಗೆ ಒಂದು ಡಬ್ಬಿ ಒಣ ಗುಳಿಗೆಯೂ ಬರುತ್ತದೆ, ಮುಂದೆ ವರ್ಷವಿಡೀ ಅದೇ ಆಹಾರ. ಸಕ್ಕರ್ ಮೀನು, ಬಸವನಹುಳುಗಳಂಥ ಸೊಪ್ಪು-ಪಾಚಿ ತಿನ್ನುವ ಜೀವಿಗಳಿಗೆ ಇದಿಷ್ಟೇ ಸಾಲದು. ಅಡುಗೆಗೆ ಹೆಚ್ಚುವ ತರಕಾರಿಯಲ್ಲೇ ಒಂದೆರಡು ಬಿಲ್ಲೆ ಎತ್ತಿಟ್ಟರೆ ಅವುಗಳ ಊಟವಾಗುತ್ತದೆ. ಆದರೆ ಆ ಬಿಲ್ಲೆಯನ್ನು ಹಾಗೆಯೇ ನೀರಿಗೆ ಎಸೆಯುವಂತಿಲ್ಲ.

ಮೊದಲು ತೊಟ್ಟಿಯಲ್ಲಿ ಯಾರಿದ್ದಾರೆ ಎಂದು ನೋಡಿಕೊಳ್ಳಿ. ಗೋಲ್ಡ್ ಫಿಶ್, ಕಪ್ಪು ಮೋಲಿ, ಗಪ್ಪಿ, ರೋಸಿ ಬಾರ್ಬ್ ಇವು ಸಂತೋಷದಿಂದ ತರಕಾರಿ ಮೆಲ್ಲುತ್ತವೆ. ಆಸ್ಕರ್, ಅರೋವಾನಾ, ಬೆಟ್ಟಾ ಇವು ಮಾಂಸಾಹಾರಿಗಳಾದ್ದರಿಂದ ಅವುಗಳ ಮುಂದೆ ಪಾಲಕ್ ಇಡುವುದು ವ್ಯರ್ಥ. ತರಕಾರಿಯ ಅಗತ್ಯ ಹೆಚ್ಚಾಗಿರುವುದು ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮೀನಿಗೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಉಳಿದ ಮೀನುಗಳ ಕೊಳೆಯನ್ನು ತಿಂದು ತೊಟ್ಟಿ ಚೊಕ್ಕಟ ಮಾಡುತ್ತದೆ ಎಂದು ಹೇಳಿ ಮಾರುವವರಿದ್ದಾರೆ. ಅದು ತಿನ್ನುವುದು ಪಾಚಿಯನ್ನು, ಕೊಳೆಯನ್ನಲ್ಲ. ಗಾಜಿನ ಮೇಲಿನ ಪಾಚಿ ಮುಗಿದ ದಿನದಿಂದ ಅದಕ್ಕೆ ಉಪವಾಸವೇ. ಗಾಜಿಗೆ ಅಂಟಿಕೊಂಡಾಗ ಅದರ ಹೊಟ್ಟೆಯನ್ನು ಹೊರಗಿನಿಂದ ಗಮನಿಸಿ: ತುಸು ಉಬ್ಬಿದ್ದರೆ ಸರಿ, ಒಳಕ್ಕೆ ಗುಳಿ ಬಿದ್ದಿದ್ದರೆ ಹಸಿದಿದೆ ಎಂದರ್ಥ.

ತರಕಾರಿಯ ಆಯ್ಕೆಗೆ ದೂರ ಹೋಗಬೇಕಿಲ್ಲ. ಭಾಜಿವಾಲಾನ ಗಾಡಿಯಲ್ಲಿ ಕಾಕ್ಡಿ, ದೂಧಿ, ದೋಡ್ಕಾ ಎಂದು ಕೇಳಿ ತರುವ ಸೌತೆ, ಸೋರೆ, ಹೀರೆಗಳೇ ಸಾಕು. ಮಾಟುಂಗಾದ ಮಾರುಕಟ್ಟೆಗೆ ಹೋಗುವವರು ಹುಳಿಗೆಂದು ತಂದ ಮಂಗಳೂರು ಸೌತೆಯಲ್ಲೇ ಒಂದು ತುಂಡು ಉಳಿಸಿಕೊಳ್ಳಬಹುದು. ಎಲ್ಲರೂ ಸೌತೆಕಾಯಿಯಿಂದಲೇ ಶುರುಮಾಡುತ್ತಾರೆ, ಆದರೆ ಅದರಲ್ಲಿ ಶೇ 95ರಷ್ಟು ಬರೀ ನೀರು. ಪುಷ್ಟಿಯ ದೃಷ್ಟಿಯಿಂದ ಹಸಿ ಬಟಾಣಿ, ಸಿಹಿಗುಂಬಳ, ಬೀನ್ಸ್, ಪಾಲಕ್ ಮೇಲು. ಇದರಲ್ಲಿ ಪಾಲಕನ್ನು ದಿನವೂ ಕೊಡಬೇಡಿ, ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೌತೆ, ಸೋರೆ, ಹೀರೆಗಳ ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡುವ ಅಜ್ಜಿಯ ಕಾಲದ ಅಭ್ಯಾಸ ಇಲ್ಲಿಯೂ ಬೇಕು. ಕಹಿಯಾದದ್ದು ನಮಗೂ ಬೇಡ, ಮೀನಿಗೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ ಜಾತಿಯ ಹಣ್ಣುಗಳನ್ನು ತೊಟ್ಟಿಯ ಹತ್ತಿರ ತರಬೇಡಿ. ಆಲೂಗಡ್ಡೆಯ ಪಿಷ್ಟದಿಂದ ನೀರು ಕದಡುತ್ತದೆ.

ತೊಳೆಯುವ ಕೆಲಸದಲ್ಲಿ ಮಾತ್ರ ಅವಸರ ಸಲ್ಲದು. ನಮ್ಮ ಹೊಟ್ಟೆಗೆ ಏನೂ ಮಾಡದಷ್ಟು ಕೀಟನಾಶಕದ ಅಂಶ ಬಸವನಹುಳು ಮತ್ತು ಸಣ್ಣ ಸಿಗಡಿಗಳನ್ನು ಕೊಲ್ಲಬಲ್ಲದು. ಕಾಲು ಗಂಟೆ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ನಲ್ಲಿಯ ಕೆಳಗೆ ಉಜ್ಜಿ ತೊಳೆಯಿರಿ. ಸಿಪ್ಪೆಯ ಬಗ್ಗೆ ಅನುಮಾನವಿದ್ದರೆ ಹೆರೆದುಬಿಡಿ. ಸೋಪನ್ನಂತೂ ಮುಟ್ಟಲೇಬೇಡಿ.

ಮುಂದಿನದು ಬೇಯಿಸುವುದು. ಸಕ್ಕರ್ ಮೀನು ತುಟಿಯಿಂದ ಹೆರೆದು ತಿನ್ನುತ್ತದೆ, ಬಸವನಹುಳು ನಾಲಿಗೆಯ ಮೇಲಿನ ಅರದಂಥ ಹಲ್ಲುಗಳಿಂದ ಉಜ್ಜಿ ತಿನ್ನುತ್ತದೆ. ಎರಡಕ್ಕೂ ಹಸಿ ಹೀರೇಕಾಯಿ ಗಟ್ಟಿಯೇ. ಕುದಿಯುವ ನೀರಿನಲ್ಲಿ ಒಂದು ಸುತ್ತು ಬೆಂದಾಗ ಜೀವಕೋಶದ ಗೋಡೆ ಸಡಿಲವಾಗಿ ಒಳಗಿನ ಗಾಳಿ ಹೊರಹೋಗುತ್ತದೆ, ಇದರಿಂದ ತರಕಾರಿ ಮೆತ್ತಗಾಗುವುದಲ್ಲದೆ ಬೇಗ ಮುಳುಗುತ್ತದೆ ಕೂಡ. ಅರ್ಧ ಸೆಂಟಿಮೀಟರ್ ದಪ್ಪದ ಸೌತೆ, ಸೋರೆ, ಹೀರೆ ಬಿಲ್ಲೆಗಳಿಗೆ ಒಂದೆರಡು ನಿಮಿಷ, ಪಾಲಕ್ ಎಲೆಗೆ ಅರ್ಧ ನಿಮಿಷ, ಬಟಾಣಿಗೆ ಎರಡು-ಮೂರು ನಿಮಿಷ, ಕ್ಯಾರೆಟ್ ಮತ್ತು ಕುಂಬಳಕ್ಕೆ ಐದರಿಂದ ಎಂಟು ನಿಮಿಷ ಸಾಕಾಗುತ್ತದೆ. ಉಗುರು ಒತ್ತಿದರೆ ಇಳಿಯಬೇಕು, ಆದರೆ ಹಿಡಿದೆತ್ತಿದಾಗ ಬಿಲ್ಲೆ ಮುರಿಯಬಾರದು, ಅದೇ ಹದ. ಉಪ್ಪು, ಅರಿಸಿನ, ಎಣ್ಣೆ ಯಾವುದನ್ನೂ ಸೇರಿಸಬೇಡಿ. ನಿನ್ನೆಯ ಪಲ್ಯದಿಂದ ಬೀನ್ಸ್ ಆರಿಸಿ ತೊಳೆದು ಹಾಕುವ ಜಾಣತನವನ್ನೂ ತೋರಬೇಡಿ. ಹದವಾದ ಕೂಡಲೇ ತಣ್ಣೀರಿಗೆ ಹಾಕಿ ಪೂರ್ತಿ ಆರಿಸಿ. ಬಟಾಣಿಯಾದರೆ ಬೆರಳ ನಡುವೆ ಹಿಸುಕಿ ಸಿಪ್ಪೆ ಕಳಚಿ, ಒಳಗಿನ ಬೇಳೆಯನ್ನು ಮೀನಿನ ಬಾಯಿಗೆ ಹಿಡಿಸುವಷ್ಟು ಚೂರು ಮಾಡಿ. ಒಣ ಗುಳಿಗೆ ತಿಂದು ತಿಂದು ಮಲಬದ್ಧತೆಯಾದ ಗೋಲ್ಡ್ ಫಿಶ್‌ಗೆ ಇದು ಮನೆಮದ್ದು.

ಈಗ ಮುಳುಗಿಸುವುದು. ಅಂಗಡಿಯಲ್ಲಿ ಗಾಜಿಗೆ ಅಂಟಿಸುವ ಕ್ಲಿಪ್ ಸಿಗುತ್ತದೆ, ಆದರೆ ಅದರ ರಬ್ಬರ್ ಬೇಗ ಹಿಡಿತ ಕಳೆದುಕೊಳ್ಳುವುದೇ ನನ್ನ ಅನುಭವ. ಹಳೆಯ ಸ್ಟೀಲ್ ಫೋರ್ಕಿಗೆ ಬಿಲ್ಲೆ ಚುಚ್ಚಿ ತಳಕ್ಕೆ ಬಿಡುವುದು ಎಲ್ಲಕ್ಕಿಂತ ಸುಲಭ. ಎಲೆಯನ್ನು ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಬಹುದು. ತಾಮ್ರದ ತಂತಿಯನ್ನು ಮಾತ್ರ ಬಳಸಲೇಬೇಡಿ, ತಾಮ್ರ ಬಸವನಹುಳುವಿಗೆ ವಿಷ. ಸಕ್ಕರ್ ಮೀನು ನಿಶಾಚರಿಯಾದ್ದರಿಂದ ರಾತ್ರಿ ತೊಟ್ಟಿಯ ದೀಪ ಆರಿಸಿದ ಮೇಲೆ ಇಡುವುದು ಒಳ್ಳೆಯದು. ಬೆಳಿಗ್ಗೆ ನೋಡಿದರೆ ತಿರುಳೆಲ್ಲ ಮಾಯವಾಗಿ ಹಸಿರು ಸಿಪ್ಪೆಯೊಂದೇ ಬಳೆಯಂತೆ ಫೋರ್ಕಿಗೆ ತೂಗುತ್ತಿರುತ್ತದೆ. ಹೊಸದಾಗಿ ತಂದ ಮೀನು ಮೊದಲ ಮೂರ್ನಾಲ್ಕು ರಾತ್ರಿ ಮೂಸಿಯೂ ನೋಡದಿರಬಹುದು. ಅದೇ ತರಕಾರಿಯನ್ನು ಮತ್ತೆ ಮತ್ತೆ ಇಟ್ಟರೆ ರೂಢಿಯಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವುದು ತೆಗೆಯುವ ವಿಷಯದಲ್ಲಿ. ತಂಪು ದೇಶಗಳವರು ಬರೆದ ಪುಸ್ತಕಗಳಲ್ಲಿ 24 ಗಂಟೆ ಬಿಡಬಹುದೆಂದಿರುತ್ತದೆ, ನಮ್ಮ ಏಪ್ರಿಲ್-ಮೇ ತಿಂಗಳಿಗೆ ಆ ಲೆಕ್ಕ ಹೊಂದುವುದಿಲ್ಲ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಕರಗುವುದು ಏಳೂವರೆ ಮಾತ್ರ. ಬೆಂದ ತರಕಾರಿ ಕೊಳೆಯುವಾಗ ಬ್ಯಾಕ್ಟೀರಿಯಾಗಳು ಆ ಇದ್ದುದನ್ನೂ ಬಳಸಿಕೊಂಡು ಅಮೋನಿಯಾವನ್ನು ಬಿಡುತ್ತವೆ. ಎರಡಡಿ ಉದ್ದ, ಒಂದಡಿ ಅಗಲ-ಎತ್ತರದ ತೊಟ್ಟಿಯಲ್ಲಿ ಹಿಡಿಯುವುದೇ 55 ಲೀಟರಿನಷ್ಟು ನೀರು. ಒಂದು ಮೇ ತಿಂಗಳಲ್ಲಿ ನಾನು ಮದುವೆಗೆಂದು ಊರಿಗೆ ಹೊರಡುವ ಗಡಿಬಿಡಿಯಲ್ಲಿ, ಎರಡು ದಿನಕ್ಕಾಗಲಿ ಎಂದು ಅಂಗೈಯಗಲದ ಕುಂಬಳದ ಹೋಳನ್ನು ಇಟ್ಟುಹೋಗಿದ್ದೆ. ಮರಳಿ ಬಂದು ಬಾಗಿಲು ತೆಗೆದಾಗಲೇ ವಾಸನೆ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು, ಮೋಲಿಗಳು ಮೇಲ್ಮೈಯಲ್ಲಿ ಬಾಯಿ ತೆರೆದು ಗಾಳಿ ಗುಟುಕುತ್ತಿದ್ದವು, ಎರಡು ಆಗಲೇ ಸತ್ತಿದ್ದವು. ಆದ್ದರಿಂದ ರಾತ್ರಿ ಇಟ್ಟದ್ದನ್ನು ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವ ಮುನ್ನ ತೆಗೆಯಿರಿ. ಎಂಟು-ಹತ್ತು ಗಂಟೆಗಿಂತ ಹೆಚ್ಚು ಬೇಡ. ತಳದಲ್ಲಿ ಬಿದ್ದ ಎಳೆಗಳನ್ನೂ ಬಲೆಯಿಂದ ಎತ್ತಿ. ಅಕಸ್ಮಾತ್ ನೀರು ಕೆಟ್ಟರೆ ಮೂರನೆಯ ಒಂದು ಭಾಗವನ್ನು ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ, ಏರ್ ಪಂಪನ್ನು ಜೋರಾಗಿ ಓಡಿಸಿ, ಒಂದು ದಿನ ಯಾವ ಆಹಾರವನ್ನೂ ಹಾಕಬೇಡಿ.

ಬಸವನಹುಳುಗಳಿಗೂ ಇದೇ ಕ್ರಮ. ಮಿಸ್ಟರಿ ಸ್ನೇಲ್ ಬಟಾಣಿಯನ್ನು ಪಾದದಿಂದ ಅಪ್ಪಿ ಹಿಡಿದು ತಿನ್ನುವುದನ್ನು ಮಕ್ಕಳಿಗೆ ತೋರಿಸಬೇಕು. ಪಟ್ಟೆಯ ನೆರೈಟ್ ಬಸವನಹುಳು ಹೆಚ್ಚಾಗಿ ಪಾಚಿಯನ್ನೇ ನಂಬಿರುವುದರಿಂದ ತರಕಾರಿ ಮುಟ್ಟದಿದ್ದರೆ ಗಾಬರಿಯಾಗಬೇಡಿ. ತಾನ್ಸಾ, ಭಾತ್ಸಾ ಜಲಾಶಯಗಳಿಂದ ಬರುವ ಮುಂಬೈಯ ನಲ್ಲಿನೀರು ಮಳೆನೀರಿನ ಸಂಗ್ರಹವಾದ್ದರಿಂದ ಮೆದು, ಅದರಲ್ಲಿ ಚಿಪ್ಪಿಗೆ ಬೇಕಾದ ಸುಣ್ಣದಂಶ ಕಡಿಮೆ. ಚಿಪ್ಪಿನ ಮೇಲೆ ಬಿಳಿ ಸವೆತ ಕಂಡರೆ ತರಕಾರಿಯೊಂದರಿಂದ ಅದು ತುಂಬುವುದಿಲ್ಲ. ಆಯುರ್ವೇದದ ಅಂಗಡಿಯವರು ಸಮುದ್ರಫೇನ ಎನ್ನುವ, ಪಕ್ಷಿ ಸಾಕುವವರ ಅಂಗಡಿಯಲ್ಲೂ ಸಿಗುವ ಬಿಳಿ ತುಂಡನ್ನು (ಕಟ್ಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು) ತೊಟ್ಟಿಯಲ್ಲಿ ಹಾಕಿ. ಇಲ್ಲವೇ ಕುದಿಸಿ ಒಳಪೊರೆ ತೆಗೆದ ಮೊಟ್ಟೆಯ ಚಿಪ್ಪಾದರೂ ಆದೀತು. ತೊಟ್ಟಿಯ ಗಿಡಗಳ ಜೊತೆ ಬಂದ ಪುಟ್ಟ ಬಸವನಹುಳುಗಳು ಮಿತಿಮೀರಿದ್ದರೆ ಅದೇ ಸೌತೆ ಬಿಲ್ಲೆ ಬೋನಾಗುತ್ತದೆ: ರಾತ್ರಿ ಇಟ್ಟು, ಬೆಳಗಾಗುವ ಮೊದಲು ಮುತ್ತಿಕೊಂಡ ಹುಳುಗಳ ಸಮೇತ ಎತ್ತಿಬಿಡಿ. ಅವನ್ನು ಕೆರೆಗಾಗಲಿ ನಾಲೆಗಾಗಲಿ ಬಿಡಕೂಡದು. ಬೆಳೆದು ತೊಟ್ಟಿಗೆ ಹಿಡಿಸದ ಸಕ್ಕರ್ ಮೀನಿಗೂ ಇದೇ ಮಾತು. ಹಾಗೆ ಬಿಟ್ಟ ಸಕ್ಕರ್ ಮೀನುಗಳು ನಮ್ಮ ದೇಶದ ಎಷ್ಟೋ ಕೆರೆ-ನದಿಗಳಲ್ಲಿ ಬೇರೂರಿವೆ.

ವಾರಕ್ಕೆ ಎರಡು-ಮೂರು ಸಲ ಸಾಕು, ಉಳಿದ ದಿನ ಗುಳಿಗೆಯೇ ಇರಲಿ. ಪ್ರತಿಸಲ ಪಾತ್ರೆ ಇಡುವ ಬೇಸರವಿದ್ದವರು ಒಮ್ಮೆಗೇ ಬೇಯಿಸಿದ ಬಿಲ್ಲೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿಡಬಹುದು. ಬೇಕಾದಾಗ ಒಂದೆರಡನ್ನು ತೆಗೆದು ಕರಗಿಸಿ ಹಾಕಿದರಾಯಿತು. ಡಬ್ಬಿಯ ಮೇಲೆ ‘ಮೀನಿಗೆ’ ಎಂದು ಬರೆದಿಡಿ. ನಮ್ಮ ಮನೆಯಲ್ಲಿ ಬರೆಯದೆ ಇಟ್ಟದ್ದು ಎರಡು ಸಲ ಸಾಂಬಾರಿಗೆ ಹೋಗಿದೆ.