ಮಗ ಓಡುತ್ತಾನೆ, ಕಾಲೇಜು ಯಾವುದು?

ನಾವಿರುವುದು ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿ. ಮಗ ಹೈಸ್ಕೂಲಿನ ಕ್ರಾಸ್ ಕಂಟ್ರಿ (ಹುಲ್ಲು, ಮಣ್ಣಿನ ದಾರಿಯಲ್ಲಿ ಓಡುವ ದೂರದ ಓಟ) ತಂಡದಲ್ಲಿ ನಾಲ್ಕು ವರ್ಷ ಓಡಿದ. ಹಾಸನದಿಂದ ನನ್ನ ಅಪ್ಪ ಫೋನಿನಲ್ಲಿ ಕೇಳಿದ್ದರು, "ಓಡೋದಕ್ಕೂ ಕಾಲೇಜು ಹುಡುಕಬೇಕೇನಮ್ಮಾ?" ಹುಡುಕಬೇಕು. ನಾವು ಒಂದೂವರೆ ವರ್ಷ ಹುಡುಕಿದೆವು.

ಮೊದಲು ದುಡ್ಡಿನ ವಿಷಯ. ನಮ್ಮವರು ಸಿಕ್ಕಲ್ಲೆಲ್ಲ ಕೇಳುವುದು, "ಓಡ್ತಾನಲ್ವಾ, ಫೀಸೆಲ್ಲ ಮಾಫಿ ಆಗುತ್ತೆ ಬಿಡಿ." ಆಗುವುದಿಲ್ಲ. ಇಲ್ಲಿನ ಕಾಲೇಜು ಕ್ರೀಡೆಯಲ್ಲಿ ಡಿವಿಷನ್ ಎಂಬ ಮೂರು ಹಂತಗಳಿವೆ. ಎಲ್ಲಕ್ಕಿಂತ ಮೇಲಿನದಾದ ಡಿವಿಷನ್ ಒಂದರಲ್ಲಿ ಬಹಳ ವರ್ಷ ಹುಡುಗರ ಕ್ರಾಸ್ ಕಂಟ್ರಿ, ಟ್ರ್ಯಾಕ್ ಎರಡಕ್ಕೂ ಸೇರಿಸಿ ಒಂದು ಕಾಲೇಜಿಗೆ ಹೆಚ್ಚೆಂದರೆ 12.6 ಪೂರ್ಣ ಸ್ಕಾಲರ್‌ಶಿಪ್‌ನಷ್ಟು ದುಡ್ಡು ಅಷ್ಟೇ ಇದ್ದದ್ದು. ಅದರಲ್ಲೇ ಗುಂಡು ಎಸೆಯುವವನಿಗೂ ಪಾಲು, ಎತ್ತರ ಜಿಗಿಯುವವನಿಗೂ ಪಾಲು. 2025ರ ಕೋರ್ಟ್ ಒಪ್ಪಂದದ ನಂತರ, ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈ ಲೆಕ್ಕ ಹೋಯಿತು. ಬದಲಿಗೆ ಕ್ರಾಸ್ ಕಂಟ್ರಿ ತಂಡದಲ್ಲಿ 17 ಜನರಿಗಿಂತ ಜಾಸ್ತಿ ಇರಬಾರದು ಎಂಬ ಮಿತಿ ಬಂತು. ಮಗನ ಗೆಳೆಯನಿಗೆ ಒಬ್ಬ ಕೋಚ್ "ದುಡ್ಡಿಲ್ಲ, ಆದರೆ ಜಾಗ ಇದೆ" ಎಂದಿದ್ದರು. ಮಿತಿ ಬಂದ ಮೇಲೆ ಜಾಗವೂ ಇಲ್ಲ. ಹಾಗಾಗಿ ನೇರವಾಗಿಯೇ ಕೇಳಿ: ನಿಮ್ಮಲ್ಲಿ 17ರ ಮಿತಿ ಇದೆಯಾ? ಆ 17ರಲ್ಲಿ ನಾನಿದ್ದೇನಾ?

ಡಿವಿಷನ್ ಮೂರರಲ್ಲಿ ಆಟಕ್ಕೆಂದು ಒಂದು ಡಾಲರೂ ಕೊಡುವುದಿಲ್ಲ. ಹಾರ್ವರ್ಡ್, ಯೇಲ್‌ನಂಥ ಎಂಟು ಹೆಸರುವಾಸಿ ವಿಶ್ವವಿದ್ಯಾಲಯಗಳ ಐವಿ ಲೀಗ್‌ನಲ್ಲೂ ಅಷ್ಟೇ. ಅಂಕ ನೋಡಿ, ಮನೆಯ ಆದಾಯ ನೋಡಿ ಕೊಡುವ ಸಹಾಯ ಬೇರೆ. ಆ ಸಹಾಯ ಕಳೆದು ನಮಗೆ ಬೀಳುವ ಖರ್ಚು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಕಾಲೇಜುಗಳ ವೆಬ್‌ಸೈಟಿನಲ್ಲೇ ಇರುತ್ತದೆ. ಕೋಚ್‌ಗೆ ಬರೆಯುವ ಮೊದಲು ಅದರಲ್ಲಿ ನಿಮ್ಮ ಮನೆಯ ಲೆಕ್ಕ ಹಾಕಿ. ನಮ್ಮ ಪಟ್ಟಿಯಲ್ಲಿದ್ದ ನಾಲ್ಕು ಕಾಲೇಜು ಆ ಸಂಜೆಯೇ ಬಿದ್ದುಹೋದವು.

ಇನ್ನು ಟೈಮಿಂಗ್. ಇಲಿನಾಯ್ ಹುಡುಗರಿಗೆ ಇಲ್ಲೊಂದು ಸಣ್ಣ ತೊಡಕಿದೆ. ನಮ್ಮ ರಾಜ್ಯದ ಹೈಸ್ಕೂಲ್ ಫೈನಲ್ ಪಿಯೋರಿಯಾದ ಡೆಟ್‌ವೈಲರ್ ಪಾರ್ಕಿನಲ್ಲಿ, ದೂರ ಮೂರು ಮೈಲಿ. ಬೇರೆ ಹೆಚ್ಚಿನ ಕಡೆ ಐದು ಕಿಲೋಮೀಟರ್. ಹೊರಗಿನ ಕೋಚ್‌ಗಳು ನಮ್ಮ ಟೈಮಿಂಗ್ ನೋಡಿ, "ಟ್ರ್ಯಾಕಿನಲ್ಲಿ 3200 ಮೀಟರ್ ಎಷ್ಟು?" ಎಂದೇ ಕೇಳುತ್ತಿದ್ದರು. ಮೇಲ್‌ನಲ್ಲಿ ಅದನ್ನೇ ಮೊದಲು ಬರೆಯಿರಿ. ನನ್ನ ಮಗನದು 9 ನಿಮಿಷ 41 ಸೆಕೆಂಡು. ಡಿವಿಷನ್ ಒಂದರ ದೊಡ್ಡ ತಂಡಗಳಿಗೆ ಅದು ಸಾಲದು ಎಂದು ಅವನಿಗೇ ಗೊತ್ತಿತ್ತು, ನನಗೆ ಒಪ್ಪಿಕೊಳ್ಳಲು ಸ್ವಲ್ಪ ದಿನ ಹಿಡಿಯಿತು. ಕಾಲೇಜಿಗೆ ಹೋದರೆ ದೂರವೂ ಬೆಳೆಯುತ್ತದೆ. ಹುಡುಗರಿಗೆ ಸಾಮಾನ್ಯವಾಗಿ ಎಂಟು ಕಿಲೋಮೀಟರ್, ಡಿವಿಷನ್ ಒಂದರ ರೀಜನಲ್ ಮತ್ತು ನ್ಯಾಷನಲ್‌ನಲ್ಲಿ ಹತ್ತು. ಮೂರು ಮೈಲಿಯಲ್ಲಿ ಮಿಂಚಿದವನು ಹತ್ತರಲ್ಲೂ ಮಿಂಚುತ್ತಾನೆ ಅಂತೇನಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಮುಂದಿನ ಕೆಲಸಕ್ಕೆ. ನೀವು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಕಾಲೇಜಿನ ಕ್ರೀಡಾ ಪುಟಕ್ಕೆ ಹೋಗಿ, ಮೂರು ವರ್ಷ ಹಿಂದಿನ ತಂಡದ ಪಟ್ಟಿ ತೆಗೆಯಿರಿ. ಆಗ ಮೊದಲ ವರ್ಷದಲ್ಲಿದ್ದ ಹುಡುಗರ ಹೆಸರು ಬರೆದುಕೊಳ್ಳಿ. ಈಗಿನ ಪಟ್ಟಿಯಲ್ಲಿ ಎಷ್ಟು ಜನ ಉಳಿದಿದ್ದಾರೆ? ನಾವು ನೋಡಿದ ಒಂದು ಹೆಸರುವಾಸಿ ತಂಡದಲ್ಲಿ ಒಂಬತ್ತು ಜನ ಸೇರಿದ್ದರು, ನಾಲ್ಕನೇ ವರ್ಷಕ್ಕೆ ಉಳಿದವರು ಇಬ್ಬರು. ಇನ್ನೊಂದರಲ್ಲಿ ಆರರಲ್ಲಿ ಐದು. ಬಿಟ್ಟವರೆಲ್ಲ ಕೋಚ್ ಕಾಟಕ್ಕೆ ಬಿಟ್ಟರು ಎನ್ನಲಾಗದು, ಕೆಲವರಿಗೆ ಓದು ಭಾರವಾಗಿರುತ್ತದೆ. ಆದರೂ ಕಾರಣ ಕೇಳಿ.

ಆಮೇಲೆ ಟಿಎಫ್‌ಆರ್‌ಆರ್‌ಎಸ್ ಎಂಬ ತಾಣ ತೆರೆಯಿರಿ. ಕಾಲೇಜು ಓಟಗಾರರ ಫಲಿತಾಂಶಗಳೆಲ್ಲ ಅಲ್ಲಿವೆ. ಹೈಸ್ಕೂಲಿನವು ಅಥ್ಲೆಟಿಕ್ ಡಾಟ್ ನೆಟ್‌ನಲ್ಲಿ. ನಿಮ್ಮ ಮಗನಷ್ಟೇ ಟೈಮಿಂಗ್ ಇಟ್ಟುಕೊಂಡು ಬಂದ ಹುಡುಗ ಮೂರನೇ ವರ್ಷಕ್ಕೆ ಎಲ್ಲಿ ಮುಟ್ಟಿದ ಎಂದು ನೋಡಿ. ತಂಡದ ಮೊದಲ ಓಟಗಾರನನ್ನು ನೋಡಬೇಡಿ. ಅವನು ಎಲ್ಲಿದ್ದರೂ ಓಡುತ್ತಿದ್ದ. ತಂಡದ ಅಂಕ ಎಣಿಸುವುದು ಮೊದಲ ಐದು ಜನರದು. ಐದನೆಯವನನ್ನು ನೋಡಿ, ಹತ್ತನೆಯವನನ್ನೂ ನೋಡಿ. ಒಂದು ಋತುವಿನ ಮಧ್ಯೆ ಹೆಸರು ಮಾಯವಾಗಿ ಮುಂದಿನ ವರ್ಷ ಕಾಣಿಸಿದರೆ ಬಹುಶಃ ಗಾಯ. ಒಂದೇ ತಂಡದಲ್ಲಿ ಅಂಥ ನಾಲ್ಕೈದು ಹೆಸರು ಸಿಕ್ಕಿದರೆ ಹುಷಾರಾಗಿರಿ. ನಮ್ಮ ಮಗ ಹೈಸ್ಕೂಲಿನಲ್ಲಿ ವಾರಕ್ಕೆ 45 ಮೈಲಿ ಓಡುತ್ತಿದ್ದ. ಅದನ್ನು 70ಕ್ಕೆ ಎಷ್ಟು ತಿಂಗಳಲ್ಲಿ ಏರಿಸುತ್ತೀರಿ ಎಂದು ಎಲ್ಲ ಕೋಚ್‌ಗಳಿಗೂ ಕೇಳಿದ. "ನೋಡೋಣ" ಎಂದವರೂ ಇದ್ದರು, ವಾರದ ಲೆಕ್ಕ ಬರೆದು ತೋರಿಸಿದವರೂ ಇದ್ದರು.

ಮೇಲ್ ಹುಡುಗನೇ ಬರೆಯಲಿ. ಅಮ್ಮ ಬರೆದದ್ದು ಕೋಚ್‌ಗೆ ಗೊತ್ತಾಗುತ್ತದೆ (ನಾನೊಂದು ಬರೆದು ನೋಡಿದ್ದೇನೆ, ಉತ್ತರ ಬರಲಿಲ್ಲ). ಡಿವಿಷನ್ ಒಂದರ ಕೋಚ್‌ಗಳು ಹತ್ತನೇ ತರಗತಿ ಮುಗಿದ ಜೂನ್ 15ರ ನಂತರವೇ ಹುಡುಗರ ಜೊತೆ ಮಾತು ಶುರು ಮಾಡಬಹುದು. ಡಿವಿಷನ್ ಮೂರರಲ್ಲಿ ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಪ್ರೀ-ರೀಡ್ ಕೇಳಿ. ಕೋಚ್ ಮೂಲಕ ಅಡ್ಮಿಷನ್ ಆಫೀಸು ಅಂಕಪಟ್ಟಿ ನೋಡಿ, ಸೀಟು ಸಿಗುವ ಸಾಧ್ಯತೆ ಹೇಳುತ್ತದೆ.

ಎಂಜಿನಿಯರಿಂಗ್, ಕೆಮಿಸ್ಟ್ರಿ ಓದುವವರು ಲ್ಯಾಬ್ ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಮಧ್ಯಾಹ್ನದ ಲ್ಯಾಬೂ ತಂಡದ ಪ್ರಾಕ್ಟೀಸೂ ಒಂದೇ ಹೊತ್ತಿಗೆ ಬೀಳುತ್ತವೆ. ಲ್ಯಾಬ್ ಇರುವ ಹುಡುಗರು ಬೆಳಿಗ್ಗೆ ಒಬ್ಬೊಬ್ಬರೇ ಓಡಬೇಕಾ, ಜೊತೆಗೆ ಯಾರಾದರೂ ಇರುತ್ತಾರಾ?

ಕಾಲೇಜು ನೋಡಲು ಹೋದಾಗ ರಾತ್ರಿ ತಂಡದ ಹುಡುಗರ ರೂಮಿನಲ್ಲೇ ಮಲಗಲಿ. ಮಗ ಒಂದು ಕಡೆಯಿಂದ ವಾಪಸು ಬಂದು ಕಾರು ಹತ್ತುತ್ತಲೇ ಹೇಳಿದ, "ಅಮ್ಮಾ, ಬೆಳಿಗ್ಗೆ ಓಡೋಕೆ ಏಳು ಜನ ಬಂದ್ರು, ಆರು ಜನ ಗಾಯ ಆಗಿ ಜಿಮ್‌ನಲ್ಲಿ ಸೈಕಲ್ ತುಳೀತಿದ್ರು." ಆ ಕಾಲೇಜು ಅಲ್ಲಿಗೇ ಮುಗಿಯಿತು.

ಕೋಚ್‌ಗಳಿಗೆ ನಾನು ಬಾಯಿಬಿಟ್ಟು ಕೇಳಿದ್ದು ಒಂದೇ ಪ್ರಶ್ನೆ. ನಮ್ಮವನು ಸಸ್ಯಾಹಾರಿ, ಇಷ್ಟು ಓಡುವವನಿಗೆ ಕಬ್ಬಿಣದ ಅಂಶ ಕಡಿಮೆಯಾಗದ ಹಾಗೆ ಏನು ಮಾಡುತ್ತೀರಿ? ಈಗ ಅವನಿರುವ ಕಾಲೇಜಿನ ಕೋಚ್ ತಟ್ಟನೆ ಹೇಳಿದರು: ಋತು ಶುರುವಾಗುವ ಮೊದಲು ಫೆರಿಟಿನ್ ರಕ್ತಪರೀಕ್ಷೆ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಯಲು), ಪ್ರಾಕ್ಟೀಸ್ ಆರಕ್ಕೆ ಮುಗಿಯುತ್ತದೆ, ಊಟದ ಹಾಲ್ ಎಂಟರವರೆಗೆ ತೆರೆದಿರುತ್ತದೆ, ಬೇಳೆಕಾಳು ದಿನಾ ಇರುತ್ತದೆ. ಇನ್ನೊಂದು ಕಡೆ ಇದೇ ಪ್ರಶ್ನೆಗೆ ಸಿಕ್ಕ ಉತ್ತರ, "ಸಲಾಡ್ ಬಾರ್ ಇದೆ." ಸೊಪ್ಪು ತಿಂದು ವಾರಕ್ಕೆ 70 ಮೈಲಿ ಓಡೋಕೆ ಅವನೇನು ಕುದುರೆನಾ ಎಂದು ನನ್ನ ಅಪ್ಪ ಇದ್ದಿದ್ದರೆ ಅಲ್ಲೇ ಕೇಳುತ್ತಿದ್ದರು.